ಮನೆಯ ತೋಟದ ಏರ್ಪಾಟು: ನಾಡ ಗಿಡಗಳೂ ಸೀಮೆಯ ಗಿಡಗಳೂ

ಮನೆಯನ್ನು ಕಟ್ಟಬೇಕೆನ್ನುವವರು ಮೊದಲು ನಕ್ಷೆಯನ್ನು ಬರೆಯಿಸುತ್ತಾರೆ. ಅಡಿಗೆಮನೆ ಯಾವ ಮೂಲೆಯಲ್ಲಿರಬೇಕು, ಗಾಳಿ ಯಾವ ಕಡೆಯಿಂದ ಬೀಸುವುದು, ತಲೆಬಾಗಿಲು ಎತ್ತ ತೆರೆಯಬೇಕು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುವುದುಂಟು. ಅದೇ ಮನೆಯ ಮುಂದೆ ತೋಟವನ್ನು ಮಾಡುವ ಪ್ರಸಂಗ ಬಂದಾಗ ಮಾತ್ರ ನಕ್ಷೆಯ ನೆನಪು ಯಾರಿಗೂ ಬಾರದು. ಜನವರಿಯಲ್ಲಿಯೋ ಆಗಸ್ಟಿನಲ್ಲಿಯೋ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತೇವೆ. ಕಣ್ಣಿಗೆ ಸೊಗಸಾಗಿ ಕಂಡ ಹತ್ತು ಹದಿನೈದು ಗಿಡಗಳನ್ನು ಕೊಳ್ಳುತ್ತೇವೆ. ಅಂಗಳದಲ್ಲಿ ಎಲ್ಲೆಲ್ಲಿ ಬರಿನೆಲ ಕಾಣುವುದೋ ಅಲ್ಲಲ್ಲಿ ಅವನ್ನು ನೆಡುತ್ತೇವೆ. ಮುಂದಿನ ಏಪ್ರಿಲ್ ತಿಂಗಳು ಬರುವ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟು ಒಣಗಿರುತ್ತವೆ. ಉಳಿದವುಗಳಲ್ಲಿ ಒಂದೆರಡು ಮಿತಿಮೀರಿ ಬೆಳೆದು ಕಿಟಕಿಯ ಬೆಳಕನ್ನು ನುಂಗಿರುತ್ತವೆ. ಇದರಲ್ಲಿ ಗಿಡಗಳ ತಪ್ಪೇನೂ ಇಲ್ಲ. ಅವುಗಳನ್ನು ಕೊಳ್ಳುವಾಗ ನಾವು ಹೂವನ್ನು ಮಾತ್ರ ನೋಡಿದೆವು. ಅವುಗಳ ಊರನ್ನು ಕೇಳಲಿಲ್ಲ, ಸ್ವಭಾವವನ್ನು ವಿಚಾರಿಸಲಿಲ್ಲ.

ಬೆಂಗಳೂರು ಮೈಸೂರುಗಳ ಮನೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಕುರಿತು ಮಾತನಾಡುತ್ತೇವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಭಾಗ ಮೇ ತಿಂಗಳಿಂದ ಅಕ್ಟೋಬರಿನ ಒಳಗೆ ಸುರಿದುಹೋಗುವುದು. ಡಿಸೆಂಬರಿನಿಂದ ಮಾರ್ಚಿಯವರೆಗೆ ಆಕಾಶವನ್ನು ನಂಬಿ ಕುಳಿತರೆ ಏನೂ ದೊರೆಯದು. ನೆಲ ಕೆಮ್ಮಣ್ಣು, ನೀರನ್ನು ಬೇಗ ಕುಡಿಯುವುದು, ಬೇಗ ಬಿಟ್ಟುಕೊಡುವುದು. ಚಳಿಯೂ ಸೆಕೆಯೂ ಅತಿಯಾಗದ ಹವೆಯಾದುದರಿಂದ ಇಲ್ಲಿ ತೆಂಗೂ ಬೆಳೆದೀತು, ವಿಲಾಯಿತಿಯ ಗುಲಾಬಿಯೂ ಅರಳೀತು. ಏನು ನೆಟ್ಟರೂ ಬರುವುದೆಂಬ ಈ ಸೌಕರ್ಯವೇ ನಮ್ಮ ಅವಿಚಾರಕ್ಕೆ ಮೂಲವೆಂದರೂ ಸಲ್ಲುವುದು. ಏನು ನೆಟ್ಟರೂ ಬರುವುದು ನಿಜ, ನೀರು ಕೊಡುವ ತನಕ.

ಆ ನೀರು ಬರುವುದಾದರೂ ಎಲ್ಲಿಂದ? ಬೆಂಗಳೂರಿನ ನಲ್ಲಿಯ ಕಾವೇರಿ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳಿಂದ ಎತ್ತಲ್ಪಟ್ಟು ಬರುತ್ತದೆ. 2024ರ ಬೇಸಗೆಯಲ್ಲಿ ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದೂ ಬಳಸಿದವರಿಗೆ 5000 ರೂಪಾಯಿ ದಂಡವೆಂದೂ ಮಾರ್ಚಿಯಲ್ಲಿ ಆಜ್ಞೆಯಾಯಿತು. ಆ ವರ್ಷ ಊರಿನ ಎಷ್ಟೋ ತೋಟಗಳು ಪರೀಕ್ಷೆಗೆ ಕುಳಿತಂತಾಯಿತು. ಹುಲ್ಲುಹಾಸು ಹಳದಿಯಾಯಿತು, ಕುಂಡದ ಗಿಡಗಳು ಬಾಡಿದುವು, ಹಿತ್ತಿಲಿನ ಪಾರಿಜಾತ, ಕಣಗಿಲೆ, ನಂದಿಬಟ್ಟಲುಗಳು ಎಲೆಗಳನ್ನು ಕೊಂಚ ಜೋಲುಬಿಟ್ಟುಕೊಂಡು ಮಳೆಗಾಗಿ ಕಾದು ಉಳಿದುಕೊಂಡುವು. ನಾಡ ಗಿಡ, ಸೀಮೆಯ ಗಿಡ ಎಂಬ ವಿಚಾರ ಕೇವಲ ಅಭಿಮಾನದ ಮಾತಲ್ಲವೆಂಬುದನ್ನು ತಿಳಿಯಲು ಇಷ್ಟು ಸಾಕು.

ಹಾಗೆಂದು ಹೊರನಾಡಿನ ಗಿಡಗಳೆಲ್ಲವನ್ನೂ ಕಿತ್ತು ಬಿಸುಡಬೇಕೆನ್ನುವವರ ಪಕ್ಷ ನಮ್ಮದಲ್ಲ. ಹಾಗೆ ಮಾಡಹೊರಟರೆ ದೇವರ ಪೂಜೆಗೇ ಹೂವಿಲ್ಲದಂತಾದೀತು. ಆಯುಧಪೂಜೆಗೆ ಮಾಲೆ ಕಟ್ಟುವ ಚೆಂಡುಹೂವು ಮೆಕ್ಸಿಕೋ ದೇಶದ್ದು. ಮದುವೆಯ ಹಾರದ ಸುಗಂಧರಾಜವೂ ಅಲ್ಲಿಯದೇ. ಇಂದು ನಾವು ಸೇವಂತಿಗೆಯೆನ್ನುವ ಹೂವು ಚೀಣದಿಂದ ಬಂದದ್ದು. ಗುಡಿಗಳ ಮುಂದೆ ಬೆಳೆದು ದೇವರ ಹೆಸರನ್ನೇ ಪಡೆದಿರುವ ದೇವಕಣಗಿಲೆ ಅಮೆರಿಕದ ಉಷ್ಣಪ್ರದೇಶದ ಮರ. ಹಿತ್ತಿಲಿನ ಸೀಬೆ, ಸೀತಾಫಲ, ಸಪೋಟ, ಮೆಣಸಿನಕಾಯಿ ಇವೆಲ್ಲವೂ ಅದೇ ಕಡೆಯಿಂದ ಹಡಗು ಹತ್ತಿ ಬಂದವು. ಹುಣಸೆ ಸಹ ಎಂದೋ ಆಫ್ರಿಕದಿಂದ ಬಂದದ್ದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಜನ ಮಾತ್ರ ಈ ಲೆಕ್ಕವನ್ನು ಸ್ವಲ್ಪಮಟ್ಟಿಗೆ ಹೆಸರಿನಲ್ಲಿಯೇ ಬರೆದಿಟ್ಟಿದ್ದಾರೆ. ಬದನೆಯಂಥದು ಹೊರಗಿನಿಂದ ಬಂದರೆ ಸೀಮೆಬದನೆ. ಹುಣಸೆಯಂಥದು ಬಂದರೆ ಸೀಮೆಹುಣಸೆ. ಪರಂಗಿಯವರು ತಂದ ಹಣ್ಣಿಗೆ ಪರಂಗಿಯೆಂದೇ ಹೆಸರು. ಹೆಸರಿನಲ್ಲಿ ಹೊರಗಿನವೆಂಬ ಗುರುತು ಉಳಿದರೂ ಬಾಳಿನಲ್ಲಿ ಅವು ಮನೆಯವೇ ಆಗಿಹೋಗಿವೆ.

ಬೆಂಗಳೂರಿನ ತೋಟಗಾರಿಕೆಯ ಚರಿತ್ರೆಯೂ ಈ ಬೆರಕೆಯ ಚರಿತ್ರೆಯೇ. 1760ರಲ್ಲಿ ಹೈದರಾಲಿ ಲಾಲ್‌ಬಾಗನ್ನು ಆರಂಭಿಸಿದನು; ಟಿಪ್ಪುವು ದೂರದೇಶಗಳಿಂದ ಗಿಡಗಳನ್ನು ತರಿಸಿದನು. 1874ರಿಂದ 1908ರವರೆಗೆ ಅಲ್ಲಿ ಅಧಿಕಾರಿಯಾಗಿದ್ದ ಜಾನ್ ಕ್ಯಾಮೆರನ್ ಎಂಬವರು ಸೀಮೆಬದನೆಯೇ ಮೊದಲಾದ ಎಷ್ಟೋ ಸಸ್ಯಗಳನ್ನು ಇಲ್ಲಿ ನೆಲೆಗೊಳಿಸಿದರು. ಅವರ ಬಳಿಕ ಬಂದವರು ಗುಸ್ಟಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿದ ಇವರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡರು. 1956ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು. ಒಂದು ಬೀದಿಯ ಮರಗಳು ಹೂಬಿಟ್ಟು ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿಯ ಮರಗಳು ಹೂತಳೆಯಬೇಕು, ವರ್ಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದು ಎಂಬ ಕ್ರಮವನ್ನು ಇಲ್ಲಿಯ ಸಾಲುಮರಗಳಲ್ಲಿ ತಂದವರು ಇವರೇ. ಅದಕ್ಕಾಗಿ ಇವರು ನಾಡಿನದು ಹೊರಗಿನದು ಎಂದು ಭೇದವೆಣಿಸಲಿಲ್ಲ. ಮಡಗಾಸ್ಕರದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡ, ನಮ್ಮ ಕಕ್ಕೆ, ನಮ್ಮ ಹೊಳೆದಾಸವಾಳ ಎಲ್ಲಕ್ಕೂ ಈ ಊರಿನ ಬೀದಿಗಳಲ್ಲಿ ಸ್ಥಳ ದೊರೆಯಿತು.

ಈ ಕ್ರಮವನ್ನು ಮನೆಯ ತೋಟಕ್ಕೆ ಇಳಿಸಿಕೊಳ್ಳಬಹುದು. ಆದರೆ ಬೀದಿಗೂ ಅಂಗಳಕ್ಕೂ ಒಂದು ವ್ಯತ್ಯಾಸವುಂಟು. ಬೀದಿಯಲ್ಲಿ ನೂರು ಮರಗಳು ಸರದಿಯ ಮೇಲೆ ಅರಳುತ್ತವೆ; 30 ಅಡಿ ಅಗಲ 40 ಅಡಿ ಉದ್ದದ ನಿವೇಶನದಲ್ಲಿ ಮನೆಯನ್ನು ಕಟ್ಟಿ ಉಳಿದ ಜಾಗದಲ್ಲಿ ಒಂದು ಮರ ಹಿಡಿದರೆ ಹೆಚ್ಚು. ಆದುದರಿಂದ ಆ ಒಂದು ಮರ ಯಾವುದೆಂಬುದೇ ಮನೆಯ ತೋಟದ ಮೊದಲನೆಯ ಹಾಗೂ ಅತ್ಯಂತ ದೊಡ್ಡ ಪ್ರಶ್ನೆ. ಕುಂಡದ ಗಿಡವನ್ನು ನಾಳೆ ಬದಲಾಯಿಸಬಹುದು. ಮರವನ್ನು ತಪ್ಪಾಗಿ ಆರಿಸಿದರೆ ಆ ತಪ್ಪನ್ನು ಮಕ್ಕಳು ಮೊಮ್ಮಕ್ಕಳು ಅನುಭವಿಸುತ್ತಾರೆ.

ಈ ವಿಷಯದಲ್ಲಿ ನಮಗೆ ಸ್ವಂತ ಅನುಭವವುಂಟು. ಬಹುಕಾಲದ ಹಿಂದೆ ಮನೆಯ ಗೋಡೆಯಿಂದ ಎಂಟೇ ಅಡಿ ದೂರದಲ್ಲಿ ಒಂದು ಗುಲ್‌ಮೊಹರನ್ನು ನೆಟ್ಟೆವು. ಬೇಸಗೆಯಲ್ಲಿ ಅದು ಹೂಬಿಟ್ಟು ನಿಂತರೆ ದಾರಿಹೋಕರು ನಿಂತು ನೋಡುವರು; ನಮಗೂ ಹೆಮ್ಮೆಯೇ. ಆ ಮರದ ಬೇರು ಆಳಕ್ಕಿಳಿಯದು, ಅಗಲಕ್ಕೆ ಹರಡುವುದು, ಕೊಂಬೆ ಪೆಡಸು. ಮುಂಗಾರಿಗೆ ಮುಂಚೆ ಬೀಸುವ ಬಿರುಗಾಳಿಯಲ್ಲಿ ಬೆಂಗಳೂರಿನಲ್ಲಿ ಉರುಳುವ ಮರಗಳಲ್ಲಿ ಗುಲ್‌ಮೊಹರ್ ಪ್ರತಿವರ್ಷವೂ ಇದ್ದೇ ಇರುತ್ತದೆ. ನಮ್ಮದು ಬಚ್ಚಲ ಕೊಳಾಯಿಯನ್ನು ಮೊದಲು ಎತ್ತಿತು, ಕಾಂಪೌಂಡು ಗೋಡೆಯನ್ನು ಅನಂತರ ಸೀಳಿತು, ಕೊನೆಗೆ ಒಂದು ಮೇ ತಿಂಗಳ ಸಂಜೆ ಅರ್ಧ ಮರವೇ ಹಂಚಿನ ಮೇಲೆ ಮಲಗಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಮೈದಾನದಲ್ಲಿ ನಿಂತ ಗುಲ್‌ಮೊಹರಿನ ಸೌಂದರ್ಯವನ್ನು ನಾವು ಇಂದಿಗೂ ಹೊಗಳುತ್ತೇವೆ. ಅಂಗಳಕ್ಕೆ ಮಾತ್ರ ಅದು ಸಲ್ಲದು. ಮಕ್ಕಳು ಮೊಗ್ಗಿನಿಂದ ನೀರು ಚಿಮ್ಮಿಸಿ ಆಡುವ ನೀರುಕಾಯಿ ಮರಕ್ಕೂ ಆನೆಗಾತ್ರದ ಮಳೆಮರಕ್ಕೂ ಇದೇ ತೀರ್ಪು. ನಮ್ಮದೇ ನಾಡಿನ ಆಲ ಅರಳಿಗಳನ್ನೂ ಇದೇ ಕಾರಣಕ್ಕಾಗಿ ಮನೆಯಿಂದ ದೂರವಿಡಬೇಕು.

ಹಾಗಾದರೆ ಯಾವ ಮರ? ಜಾಗ ತೀರ ಚಿಕ್ಕದಾದರೆ ಪಾರಿಜಾತ. ಸಂಜೆ ಅರಳಿ ಬೆಳಗಾಗುವ ಮುನ್ನ ಉದುರುವ ಆ ಹೂವು ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಅಂಗಳವನ್ನು ತುಂಬುವುದು. ಸ್ವಲ್ಪ ವಿಸ್ತಾರವಿದ್ದರೆ ರಂಜ. ಇದು ನಿಧಾನವಾಗಿ ಬೆಳೆಯುತ್ತದೆ. ವರ್ಷವೆಲ್ಲ ದಟ್ಟವಾಗಿ ಹಸುರಾಗಿರುತ್ತದೆ. ಹೂವು ಒಣಗಿದ ಮೇಲೆಯೂ ಪರಿಮಳವನ್ನು ಬಿಡದು. ಪಡುವಣ ಬಿಸಿಲಿನಿಂದ ಸುಡುವ ಗೋಡೆಗೆ ಇದಕ್ಕಿಂತ ಒಳ್ಳೆಯ ಛತ್ರಿ ಇನ್ನೊಂದಿಲ್ಲ. ಹಳದಿ ಗೊಂಚಲಿನ ಆಸೆಯಿದ್ದವರಿಗೆ ಕಕ್ಕೆ ಇದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಎಲೆಯೆಲ್ಲ ಮರೆಯಾಗುವಷ್ಟು ಹೂಬಿಡುವುದು. ನೀರಿನ ತೊಟ್ಟಿಯ ಬಳಿ, ಪೂರ್ವದ ನೆರಳಿನಲ್ಲಿ ಜಾಗವಿದ್ದರೆ ಅಶೋಕ. ಅಶೋಕವೆಂದಾಗ ಕಂಬದಂತೆ ನೆಟ್ಟಗೆ ಬೆಳೆದು ಎಲೆಗಳನ್ನು ಇಳಿಬಿಟ್ಟುಕೊಂಡು ಬಡಾವಣೆಗಳ ಗೋಡೆಯುದ್ದಕ್ಕೂ ನಿಂತಿರುವ ಮರವನ್ನು ನಾವು ಹೇಳುತ್ತಿಲ್ಲ. ಅದು ಬೇರೆಯೇ ಜಾತಿ. ನಿಜವಾದ ಅಶೋಕ ಕಿತ್ತಳೆಗೆಂಪು ಗೊಂಚಲುಗಳನ್ನು ಕೊಂಬೆಗಂಟಿಸಿಕೊಂಡು ಬಿಡುವ ತಣ್ಣನೆಯ ಮರ. ಮಲ್ಲೇಶ್ವರದ ಒಂದು ಮುಖ್ಯಬೀದಿಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನ ಹೆಸರು ಎಂಬುದನ್ನು ಎಲ್ಲರೂ ಬಲ್ಲರು; ಅವೆರಡೂ ದೊಡ್ಡ ಮರಗಳು, ವಿಶಾಲವಾದ ಹಳೆಯ ಕಾಂಪೌಂಡುಗಳಿಗೆ ತಕ್ಕವು. ಯಾವುದನ್ನೇ ನೆಡಲಿ, ಬೆಳೆದ ಮೇಲೆ ಅದರ ಹರವು ಎಷ್ಟಾಗುವುದೋ ಅದರ ಅರ್ಧದಷ್ಟಾದರೂ ದೂರ ಗೋಡೆಯಿಂದ ಇರಬೇಕು.

ಮರಕ್ಕೆ ನಾಡಿನದನ್ನೇ ಏತಕ್ಕೆ ಹೇಳುತ್ತೀರಿ ಎಂದು ಕೇಳಬಹುದು. ನೀರಿನ ಕಾರಣವನ್ನು ಆಗಲೇ ಹೇಳಿದೆವು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವುಂಟು. ಹೂವಿನ ಜೇನನ್ನು ಯಾರು ಬೇಕಾದರೂ ಕುಡಿಯಬಹುದು. ಸೂರಕ್ಕಿ ಅಮೆರಿಕದ ಹೂವಿಗೂ ಕೊಕ್ಕು ಚಾಚುವುದು, ಜೇನುಹುಳು ಸೂರ್ಯಕಾಂತಿಗೂ ಮುತ್ತುವುದು. ಎಲೆಯ ವಿಷಯ ಹಾಗಲ್ಲ. ಪ್ರತಿಯೊಂದು ಗಿಡವೂ ತನ್ನ ಎಲೆಯಲ್ಲಿ ಬಗೆಬಗೆಯ ಕಹಿಯನ್ನೂ ವಿಷವನ್ನೂ ತುಂಬಿಟ್ಟುಕೊಂಡಿರುತ್ತದೆ. ಬಹುಕಾಲದ ಒಡನಾಟದಿಂದ ಆ ವಿಷವನ್ನು ಅರಗಿಸಿಕೊಳ್ಳಲು ಕಲಿತ ಹುಳು ಮಾತ್ರ ಅದನ್ನು ತಿಂದು ಬದುಕಬಲ್ಲುದು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳುವನ್ನು ಗೃಹಿಣಿಯರು ನೋಡಿಯೇ ಇರುತ್ತಾರೆ; ಅದು ಕೆಲವು ದಿನಗಳಲ್ಲಿ ಹಸುರಾಗಿ ಕೊಬ್ಬಿ, ಗೂಡುಕಟ್ಟಿ, ಚೆಲುವಾದ ದೊಡ್ಡ ಚಿಟ್ಟೆಯಾಗುವುದು. ಸಂಪಿಗೆಯ ಎಲೆಗೆ ಬೇರೊಂದು ಚಿಟ್ಟೆ, ಎಕ್ಕದ ಎಲೆಗೆ ಮತ್ತೊಂದು. ಹೂವಿನ ರಸವನ್ನು ಹೀರಿ ಬಾಳುವ ಸೂರಕ್ಕಿಯೂ ತನ್ನ ಮರಿಗಳಿಗೆ ಉಣಿಸುವುದು ಹುಳು ಹುಪ್ಪಟೆಗಳನ್ನೇ. ಎಲೆಯಲ್ಲಿ ಒಂದು ತೂತೂ ಬೀಳದ ತೋಟ ಗೃಹಸ್ಥನಿಗೆ ಹಿತವಾಗಿ ಕಂಡೀತು. ಹಕ್ಕಿಯ ಪಾಲಿಗೆ ಅದು ಉಗ್ರಾಣವಿಲ್ಲದ ಮನೆ.

ಈಶ್ವರಿಬಳ್ಳಿಯ ಸಂಗತಿಯನ್ನು ಇಲ್ಲಿ ಹೇಳಬೇಕು. ಇದು ನಮ್ಮ ಬೇಲಿಗಳಲ್ಲಿ ಹಬ್ಬುತ್ತಿದ್ದ ಸಾಧಾರಣ ಬಳ್ಳಿ. ಹೂವು ಚಿಕ್ಕದು, ನೋಟಕ್ಕೆ ಏನೂ ಅಲ್ಲ. ಆದರೆ ಕರ್ನಾಟಕದ ರಾಜ್ಯಚಿಟ್ಟೆಯೆನಿಸಿರುವ ಸಹ್ಯಾದ್ರಿಯ ದೊಡ್ಡ ಹೊಂಬಣ್ಣದ ಚಿಟ್ಟೆಯ ಮರಿ ತಿನ್ನುವುದು ಈ ಬಳ್ಳಿಯ ಕುಲದ ಎಲೆಗಳನ್ನೇ. ಆ ಚಿಟ್ಟೆ ಬೆಂಗಳೂರಿನ ಅಂಗಳಕ್ಕೆ ಬಾರದಿರಬಹುದು. ಅದರ ನಂಟನಾದ ಕೆಂಪು ಒಡಲಿನ ಕಪ್ಪು ಚಿಟ್ಟೆ ಬಂದೇ ಬರುವುದು. ಇದೇ ಕುಲಕ್ಕೆ ಸೇರಿದ ದಕ್ಷಿಣ ಅಮೆರಿಕದ ಬಳ್ಳಿಯೊಂದನ್ನು ಅದರ ವಿಚಿತ್ರವಾದ ಹೂವಿಗಾಗಿ ಅನೇಕ ದೇಶಗಳ ತೋಟಗಳಲ್ಲಿ ಹಬ್ಬಿಸುತ್ತಾರೆ. ಆಸ್ಟ್ರೇಲಿಯಾದ ಪೂರ್ವತೀರದಲ್ಲಿ ಹೀಗೆ ಹಬ್ಬಿಸಿದ್ದರಿಂದ ಒಂದು ಅನರ್ಥವಾಯಿತು. ಅಲ್ಲಿಯ ರಿಚ್ಮಂಡ್ ಎಂಬ ಹೆಸರಿನ ದೊಡ್ಡ ಚಿಟ್ಟೆ ವಾಸನೆಯಿಂದ ಮೋಸಹೋಗಿ, ತನ್ನ ನಾಡಿನ ಬಳ್ಳಿಯೆಂದೇ ತಿಳಿದು, ಈ ಹೊಸ ಬಳ್ಳಿಯ ಮೇಲೆ ಮೊಟ್ಟೆಯಿಟ್ಟಿತು. ಮರಿಗಳು ಎಲೆಯನ್ನು ತಿಂದು ಸತ್ತುವು. ಕೊನೆಗೆ ಜನರು ಆ ಬಳ್ಳಿಯನ್ನು ಕಿತ್ತು, ನಾಡಿನ ಬಳ್ಳಿಯನ್ನು ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ನೆಟ್ಟು ಚಿಟ್ಟೆಯನ್ನು ಉಳಿಸಿಕೊಳ್ಳಬೇಕಾಯಿತು. ತೋಟದ ಯಜಮಾನನು ಯಾರಿಗೂ ಕೇಡನ್ನು ಬಯಸಿರಲಿಲ್ಲ. ಚೆಂದದ ಹೂವೊಂದನ್ನು ಬಯಸಿದ್ದನು, ಅಷ್ಟೆ.

ನಮ್ಮಲ್ಲಿಯೂ ಇಂಥ ಕಥೆಗೆ ಕೊರತೆಯಿಲ್ಲ. ಲಂಟಾನ ಎಂಬುದು ಇಂದು ಬಂಡೀಪುರದ ಕಾಡಿನಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಮೈಲುಗಟ್ಟಲೆ ಹಬ್ಬಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಉಸಿರಾಡಗೊಡದೆ ಮುಚ್ಚಿಬಿಟ್ಟಿರುವ ಪೊದೆ. ಇದು ಕಾಡುಗಿಡವಾಗಿ ನಮ್ಮ ನಾಡಿಗೆ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. ಬಣ್ಣಬಣ್ಣದ ಹೂಗೊಂಚಲು, ಹೆಚ್ಚಿನ ಆರೈಕೆ ಬೇಡ, ದನ ಮೇಯದು. ಬೇಲಿಗೆ ಇದಕ್ಕಿಂತ ಇನ್ನೇನು ಬೇಕೆಂದು ಜನರು ನೆಟ್ಟರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದುವು. ಈಚೆಗೆ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕದ ಮರವೂ ಇದೇ ದಾರಿಯನ್ನು ಹಿಡಿದಿದೆ. ಹಳದಿ ಹೂವಿನ ಚೆಲುವಿಗಾಗಿ ನೆಟ್ಟದ್ದು ನಾಗರಹೊಳೆ, ವಯನಾಡುಗಳ ಕಾಡನ್ನು ಹೊಕ್ಕಿದೆ. ಹಳದಿ ಹೂವು ಬೇಕಾದವರಿಗೆ ಕಕ್ಕೆಯನ್ನು ಹೇಳಿದ್ದು ಇದನ್ನೂ ಮನಸ್ಸಿನಲ್ಲಿಟ್ಟುಕೊಂಡೇ.

ಆದುದರಿಂದ ಹೊರನಾಡಿನ ಗಿಡವನ್ನು ಮನೆಗೆ ತರುವಾಗ ಅದರ ಜನ್ಮಸ್ಥಳಕ್ಕಿಂತ ಅದರ ನಡತೆಯನ್ನು ಹೆಚ್ಚಾಗಿ ವಿಚಾರಿಸುವುದು ಲೇಸು. ಹೇಳದೆ ಕೇಳದೆ ಬೀಜ ಬಿದ್ದು ತಾನಾಗಿಯೇ ಹರಡುವುದೋ, ನೆಟ್ಟಲ್ಲಿ ಇರುವುದೋ? ಬೇಸಗೆಯಲ್ಲಿ ಎಷ್ಟು ನೀರನ್ನು ಬೇಡುವುದು? ಈ ಪರೀಕ್ಷೆಯಲ್ಲಿ ಗೆಲ್ಲುವ ಹೊರಗಿನ ಗಿಡಗಳು ಬೇಕಾದಷ್ಟಿವೆ. ಕಾಗದದ ಹೂವೆನ್ನುವ ಬೋಗನ್‌ವಿಲ್ಲ ದಕ್ಷಿಣ ಅಮೆರಿಕದ್ದಾದರೂ ನಮ್ಮಲ್ಲಿ ಬೀಜದಿಂದ ಹಬ್ಬುವುದಿಲ್ಲ; ನೀರು ಕಡಿಮೆಯಾದಷ್ಟೂ ಹೆಚ್ಚು ಹೂಬಿಡುವುದು. ಕಾಂಪೌಂಡಿನ ಮುಳ್ಳುಗಾವಲಿಗೂ ಅದು ಒದಗುವುದು. ದೇವಕಣಗಿಲೆಯ ಕೊಂಬೆಯನ್ನು ಮುರಿದು ನೆಟ್ಟರೆ ಸಾಕು. ಗುಲಾಬಿಯಂಥ ಸುಕುಮಾರಿಯರನ್ನು ಬೆಳೆಸಲೇಬೇಕೆನ್ನುವವರು ಐದಾರು ಕುಂಡಗಳಲ್ಲಿ, ಬಾಗಿಲಿಗೆ ಹತ್ತಿರದಲ್ಲಿ ಬೆಳೆಸಲಿ. ಆರೈಕೆ ಬೇಡುವ ಗಿಡ ಕೈಗೆಟಕುವಂತಿರಬೇಕು. ಹಿತ್ತಿಲಿನ ಕೊನೆಯಲ್ಲಿಟ್ಟರೆ ಮೂರನೆಯ ದಿನ ಮರೆತುಹೋಗುವುದು.

ಹುಲ್ಲುಹಾಸಿನ ವಿಷಯದಲ್ಲಿ ನಾವು ನಿಷ್ಠುರರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರು ನಿಲ್ಲಬೇಕಾದರೆ ಒಂದು ಲೀಟರು ಬೇಕು. ಬೇಸಗೆಯಲ್ಲಿ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರು ಎಂದಿಟ್ಟುಕೊಂಡರೂ 20 ಚದರ ಮೀಟರಿನ ಹಾಸಿಗೆ ದಿನಕ್ಕೆ 100 ಲೀಟರು ಹಿಡಿಯುವುದು. ನಾಲ್ಕು ತಿಂಗಳಿಗೆ 12,000 ಲೀಟರು. ಮಳೆ ಹನಿಹನಿಯಾಗಿ ವರ್ಷವೆಲ್ಲ ಬೀಳುವ ಇಂಗ್ಲೆಂಡಿನಲ್ಲಿ ಅದು ತಾನಾಗಿ ಬೆಳೆಯುವ ವಸ್ತು. ಇಲ್ಲಿ ಅದೇ ಜಾಗದಲ್ಲಿ ಮರಳು ಹಾಸಿ, ನಡುವೆ ತುಳಸಿಯ ಕಟ್ಟೆಯನ್ನು ಕಟ್ಟಿ, ಸುತ್ತ ದವನ ಮರುಗಗಳನ್ನು ಹಾಕಿದರೆ ಕಾಲಿಗೂ ಮೂಗಿಗೂ ಹಿತವಾಗಿರುತ್ತದೆ. ನೀರಿನ ಲೆಕ್ಕ ಹಾಕುವವರು ಮಾಳಿಗೆಯ ಲೆಕ್ಕವನ್ನೂ ಹಾಕಬೇಕು. 100 ಚದರ ಮೀಟರಿನ ಮಾಳಿಗೆಯ ಮೇಲೆ ಬೆಂಗಳೂರಿನಲ್ಲಿ ವರ್ಷಕ್ಕೆ 97,000 ಲೀಟರು ಮಳೆನೀರು ಬೀಳುತ್ತದೆ. ಸೋರಿದ್ದು ಆವಿಯಾದದ್ದು ಹೋಗಿ ಮುಕ್ಕಾಲು ಪಾಲು ತೊಟ್ಟಿಗೂ ಇಂಗುಗುಂಡಿಗೂ ಸೇರಿದರೆ ನಾಡ ಗಿಡಗಳ ತೋಟಕ್ಕೆ ನಲ್ಲಿಯ ಹಂಗೇ ಬೇಕಾಗದು.

ಪೊದೆಗಳನ್ನೂ ಬಳ್ಳಿಗಳನ್ನೂ ಕುರಿತು ಎರಡು ಮಾತು. ಬೇಲಿಗೆ ಪೇಟೆಯಲ್ಲಿ ದೊರೆಯುವ ಡುರಾಂಟಕ್ಕಿಂತ ಕೇಪಳವೂ ಸ್ಫಟಿಕವೂ ಮೇಲು; ಒಂದು ವರ್ಷದ ಬಹುಕಾಲ ಕೆಂಪಾಗಿ ಅರಳುವುದು, ಇನ್ನೊಂದು ಚಳಿಗಾಲಕ್ಕೆ ಕಾದಿದ್ದು ತಿಳಿನೇರಳೆಯಾಗಿ ಅರಳುವುದು. ಮಲಗುವ ಕೋಣೆಯ ಕಿಟಕಿಯ ಹೊರಗೆ ಬಣ್ಣದ ಹೂವಿಗಿಂತ ಬಿಳಿಯ ಹೂವು ಯುಕ್ತ. ಜಾಜಿ, ಮಲ್ಲಿಗೆ, ಪಾರಿಜಾತಗಳು ಕತ್ತಲಾದ ಮೇಲೆ ಅರಳುವುದು ರಾತ್ರಿ ಹಾರುವ ಪತಂಗಗಳಿಗಾಗಿ. ಕತ್ತಲಲ್ಲಿ ಬಣ್ಣ ಕಾಣದಾದುದರಿಂದ ಅವು ಪರಿಮಳವನ್ನು ನೆಚ್ಚಿಕೊಂಡಿವೆ. ಆ ಏರ್ಪಾಟಿನ ಲಾಭ ಕಿಟಕಿಯೊಳಗಿರುವವರಿಗೂ ದೊರೆಯುವುದು. ಇವುಗಳನ್ನು ಆರಿಸುವಾಗ ಕ್ರುಂಬಿಗಲ್ಲರ ಕ್ರಮವನ್ನು ಅನುಸರಿಸಿ, ಹನ್ನೆರಡು ತಿಂಗಳ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು, ಯಾವ ತಿಂಗಳಿನ ಮುಂದೆ ಹೂವಿಲ್ಲವೋ ಆ ತಿಂಗಳಿಗೆ ತಕ್ಕ ಗಿಡವನ್ನು ಮಾತ್ರ ಕೊಳ್ಳಬೇಕು. ಈ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಪ್ರದರ್ಶನಕ್ಕೆ ಹೋದರೆ ಖರ್ಚೂ ಕಡಿಮೆಯಾಗುವುದು.

ನೆಡುವುದಕ್ಕೆ ಮುಂಗಾರು ಹಿಡಿದ ಜೂನ್ ಜುಲೈ ತಿಂಗಳುಗಳು ಪ್ರಶಸ್ತ. ಮೂರಡಿ ಆಳದ ಗುಂಡಿಯನ್ನು ಬೇಸಗೆಯಲ್ಲಿಯೇ ತೆಗೆದು ಬಿಸಿಲು ಕಾಣಿಸಿ, ಮೇಲುಮಣ್ಣಿಗೆ ಕೊಟ್ಟಿಗೆ ಗೊಬ್ಬರವನ್ನು ಸೇರಿಸಿ ತುಂಬಬೇಕು. ನಾಡ ಮರವಾದರೂ ಮೊದಲ ಎರಡು ಬೇಸಗೆ ನೀರೆರೆಯದೆ ತೀರದು. ಅನಂತರ ಬೇರು ತನ್ನ ದಾರಿಯನ್ನು ತಾನು ಕಂಡುಕೊಳ್ಳುವುದು. ಉದುರಿದ ಎಲೆಗಳನ್ನು ಗುಡಿಸಿ ಸುಡದೆ ಬುಡಕ್ಕೆ ಹರಡಿದರೆ ಕೆಮ್ಮಣ್ಣಿನ ತೇವ ಉಳಿಯುತ್ತದೆ. ರಂಜದಂಥ ಮರ ನೆರಳು ಕೊಡುವುದಕ್ಕೆ ಬಹಳ ವರ್ಷ ಹಿಡಿಯುವುದಲ್ಲ, ಅಲ್ಲಿಯ ತನಕ ಅಂಗಳ ಬೋಳಾಗಿರಬೇಕೇ ಎಂದರೆ ಬೇಕಾಗಿಲ್ಲ. ಸಸಿಯಿಂದ ಏಳೆಂಟು ಅಡಿ ದೂರದಲ್ಲಿ ಎರಡು ಪರಂಗಿ ಗಿಡಗಳನ್ನು ಹಾಕಬಹುದು. ಅವು ವರ್ಷದೊಳಗೇ ಆಳೆತ್ತರವನ್ನು ಮೀರಿ ಎಳೆಯ ರಂಜಕ್ಕೆ ತೆಳುನೆರಳನ್ನು ಕೊಡುವುವು, ಮನೆಗೆ ಹಣ್ಣನ್ನೂ ಕೊಡುವುವು. ಮೂರು ನಾಲ್ಕು ವರ್ಷಗಳಲ್ಲಿ ಅವುಗಳ ಫಸಲು ಇಳಿಯುವ ಹೊತ್ತಿಗೆ ರಂಜ ಬೇರೂರಿ ನಿಂತಿರುವುದು. ಆಗ ಪರಂಗಿಯನ್ನು ಕಡಿದು, ಅದರ ದಂಟನ್ನು ತುಂಡುಮಾಡಿ ರಂಜದ ಬುಡಕ್ಕೇ ಹಾಕಬಹುದು.